ಗೋದಲಿಯ ಬದಿಯ ಜ್ವರ

ಕಲಘಟಗಿ ತಾಲೂಕಿನ ತಂಬೂರವು ಬಯಲುಸೀಮೆ ಮುಗಿದು ಮಲೆನಾಡು ಸೆರಗು ಹಾಸುವ ಎಡೆಯಲ್ಲಿರುವ ಊರು. ಪುರಾತನವಾದ ಬಸವಣ್ಣನ ಗುಡಿಯಿಂದ ಸುತ್ತಲಿನ ಸೀಮೆಗೆಲ್ಲ ಪರಿಚಿತವಾದ ಈ ಊರಿನಲ್ಲಿ ಮನುಷ್ಯರ ಬಾಳು ದನಕರುಗಳ ಬಾಳಿನೊಡನೆ ಹೆಣೆದುಕೊಂಡಿದೆ. ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಸಿಗುವುದು ದನ ಕಟ್ಟುವ ಜಾಗ, ಅದಕ್ಕೆ ಹೊಂದಿಕೊಂಡೇ ಪಡಸಾಲೆ, ಅದರಾಚೆ ಅಡುಗೆಮನೆ. ತಾಲೂಕಿನ ಕಾಡಂಚಿನ ದಡ್ಡಿಗಳಲ್ಲಿ ಎಮ್ಮೆ ಸಾಕುವ ಗೌಳಿಗರಿದ್ದಾರೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಹಿಂಡುಗಳು ತಂಗುತ್ತವೆ. ಒಟ್ಟಿನಲ್ಲಿ ಇಲ್ಲಿ ಹಾಲು, ಹೈನು, ಗೊಬ್ಬರ, ಉಳುಮೆ ಇವಿಲ್ಲದ ದಿನವೇ ಇಲ್ಲ.

ಕೆಲವು ವರ್ಷಗಳ ಹಿಂದೆ ಈ ಭಾಗದ ನಮ್ಮ ಸಮುದಾಯದ ಕುಟುಂಬವೊಂದನ್ನು ಕಾಣಲು ನಾವು ಹೋಗಿದ್ದೆವು. ಮನೆಯ ಯಜಮಾನನಿಗೆ ಎರಡು ತಿಂಗಳಿನಿಂದ ಜ್ವರ. ಸಂಜೆಯಾಗುತ್ತಲೇ ಮೈ ಕಾಯುತ್ತಿತ್ತು. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಎದ್ದು ಕೂಡುತ್ತಿದ್ದ. ವಾರಗಟ್ಟಲೆ ಬಿಟ್ಟು ಮತ್ತೆ ಬರುತ್ತಿತ್ತು. ಟೊಂಕ ಹಿಡಿದುಕೊಂಡಿತ್ತು, ಕೀಲುಗಳು ನೋಯುತ್ತಿದ್ದವು, ಮೈತೂಕ ಇಳಿದಿತ್ತು. ಟೈಫಾಯ್ಡ್ ಎಂದು ಒಂದು ಕಡೆ ಔಷಧ ಕೊಟ್ಟರು. ಮಲೇರಿಯಾ ಇರಬಹುದೆಂದು ಇನ್ನೊಂದು ಕಡೆ. ಕ್ಷಯವೋ ಏನೋ ಎಂಬ ಅನುಮಾನ ಮತ್ತೊಂದು ಕಡೆ. ಮಾತಿನ ನಡುವೆ ಮನೆಯಾಕೆ, "ಹ್ವಾದ ಸುಗ್ಗ್ಯಾಗ ನಮ್ಮ ಆಕಳಾ ಕಂದ ಹಾಕಿತ್ತರಿ. ಮಾಸಾನೂ ಬಿದ್ದಿರಲಿಲ್ಲ, ಇವರ ಕೈ ಹಾಕಿ ತಗದ್ರು" ಎಂದರು. ಇದನ್ನು ವೈದ್ಯರಿಗೆ ತಿಳಿಸಿದಿರಾ ಎಂದು ಕೇಳಿದೆವು. "ಅವರೂ ಕೇಳಲಿಲ್ರೀ, ನಾವೂ ಹೇಳಲಿಲ್ಲ. ಆಕಳದ್ದು ಆಕಳಕ್ಕ, ಮನಷ್ಯಾರ್ದು ಮನಷ್ಯಾರಿಗೆ, ಅಲ್ಲರೀ?" ಎಂಬುದು ಆಕೆಯ ಉತ್ತರವಾಗಿತ್ತು.

ಆ ಪ್ರಶ್ನೆಗೆ ಅಂದು ನಮ್ಮಲ್ಲಿಯೂ ಉತ್ತರವಿರಲಿಲ್ಲ. ಮುಂದೆ ದೊಡ್ಡ ದವಾಖಾನೆಯಲ್ಲಿ ಬೇರೊಂದು ರಕ್ತಪರೀಕ್ಷೆಯಾದಾಗ ರೋಗದ ಹೆಸರು ತಿಳಿಯಿತು. ಬ್ರೂಸೆಲ್ಲೋಸಿಸ್. ನಮ್ಮ ಪಶುವೈದ್ಯರು ಕನ್ನಡದಲ್ಲಿ ಇದನ್ನೇ ಕಂದುರೋಗ ಎನ್ನುತ್ತಾರೆ. ಆಕಳಿನದೂ ಮನುಷ್ಯನದೂ ಒಂದೇ ರೋಗವಾಗಿತ್ತು. ಈ ರೋಗವು ನಮ್ಮ ಉತ್ತರ ಕರ್ನಾಟಕದಲ್ಲಿ ಹೊಸದೇನೂ ಅಲ್ಲವೆಂದೂ, ನಮ್ಮ ನೆರೆಯ ಜಿಲ್ಲೆಯ ವೈದ್ಯವಿಜ್ಞಾನಿಯೊಬ್ಬರು ವರ್ಷಾನುಗಟ್ಟಲೆ ಇದರ ಬಗೆಗೆ ಬರೆಯುತ್ತಲೇ ಬಂದಿದ್ದಾರೆಂದೂ ಆಮೇಲೆ ತಿಳಿದು ನಾವು ನಾಚಿಕೊಂಡೆವು. ಆ ಬರಹಗಳ ಪಟ್ಟಿಯನ್ನೇ ಈ ವಾರ ವಾಚಕರ ಮುಂದಿಡಬೇಕೆಂದು ಬಯಸುತ್ತೇವೆ.

ಒಂದು ಪಟ್ಟಿಯ ಕಥೆ

ಸಂಶೋಧಕನೊಬ್ಬನ ಪ್ರಕಟಣೆಗಳ ಪಟ್ಟಿ ಎಂದರೆ ಸಾಮಾನ್ಯ ಓದುಗರಿಗೆ ನೀರಸವಾದ ವಸ್ತು. ಲೇಖಕರ ಹೆಸರು, ಲೇಖನದ ಹೆಸರು, ನಿಯತಕಾಲಿಕೆ, ಇಸವಿ, ಪುಟಸಂಖ್ಯೆ ಇಷ್ಟೇ. ಬಡ್ತಿಗಾಗಿ ಜೋಡಿಸಿಟ್ಟ ಕಾಗದವೆಂದು ಅನೇಕರು ತಿಳಿಯುವುದೂ ಉಂಟು. ಆದರೆ ಡಾ. ಬಿ. ಜಿ. ಮಂಟೂರ ಅವರ ಪಟ್ಟಿಯನ್ನು ಇಸವಿಗನುಸಾರವಾಗಿ ಓದುತ್ತ ಹೋದರೆ ಬೇರೆಯೇ ಒಂದು ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಸೂಕ್ಷ್ಮಾಣು ವಿಜ್ಞಾನಿಯಾದ ಇವರು ಅಂದಿನ ಬಿಜಾಪುರ, ಇಂದಿನ ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯದಲ್ಲಿಯೂ ಮುಂದೆ ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿಯೂ ಕೆಲಸ ಮಾಡಿದವರು.

1996ರಲ್ಲಿ ಲಂಡನ್ನಿನ ಸುಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ಬಿಜಾಪುರದಿಂದ ಹೋದ ಒಂದು ಚಿಕ್ಕ ಪತ್ರವನ್ನು ಪ್ರಕಟಿಸಿತು. ಮಂಟೂರ ಮತ್ತು ಅವರ ಸಹೋದ್ಯೋಗಿಗಳು ಬರೆದ ಆ ಪತ್ರ, ಕಂದುರೋಗದ ಸೋಂಕು ದಂಪತಿಗಳ ನಡುವೆ ಹರಡಬಲ್ಲುದೇ ಎಂಬ ಪ್ರಶ್ನೆಯನ್ನೆತ್ತಿತ್ತು. 2004ರಲ್ಲಿ ಎರಡು ಲೇಖನಗಳು ಬಂದವು. ಒಂದು ಮಕ್ಕಳಲ್ಲಿನ ಕಂದುರೋಗವನ್ನು ಕುರಿತದ್ದು. 5,726 ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ 93 ಮಕ್ಕಳಲ್ಲಿ, ಎಂದರೆ ನೂರಕ್ಕೆ 1.6 ಮಂದಿಯಲ್ಲಿ, ರೋಗ ಕಂಡುಬಂದಿತ್ತು. ಹಸಿ ಹಾಲು ಮತ್ತು ಆಡುಕುರಿಗಳ ಒಡನಾಟ ಇವೆರಡೇ ಅದರ ಹಿಂದಿನ ಮುಖ್ಯ ಕಾರಣಗಳಾಗಿದ್ದವು. ಇನ್ನೊಂದು ಲೇಖನ ಪ್ರಯೋಗಾಲಯಕ್ಕೆ ಸಂಬಂಧಿಸಿದ್ದು. ಈ ರೋಗಾಣು ಬಲು ನಿಧಾನವಾಗಿ ಬೆಳೆಯುವಂಥದು. ರೋಗಿಯ ರಕ್ತವನ್ನು ಸೀಸೆಯಲ್ಲಿಟ್ಟು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಹಳೆಯ ವಿಧಾನಕ್ಕೂ, ರಕ್ತಕಣಗಳನ್ನು ಒಡೆದು ವೇಗವಾಗಿ ತಿರುಗಿಸಿ ರೋಗಾಣುವನ್ನು ಬೇರ್ಪಡಿಸುವ ವಿಧಾನಕ್ಕೂ ಹೋಲಿಕೆ ಮಾಡಿ, ಎರಡನೆಯದರಿಂದ ಎಷ್ಟೋ ದಿನ ಮೊದಲೇ ಉತ್ತರ ದೊರೆಯುತ್ತದೆಂದು ಮಂಟೂರ ಮತ್ತು ಮಂಗಲಗಿ ಅವರು ತೋರಿಸಿದರು.

2006ರಲ್ಲಿ ಪ್ರಕಟವಾದ ಲೇಖನ ಹದಿನಾರು ವರ್ಷಗಳ ಅನುಭವದ ಸಾರ. 26,948 ವಯಸ್ಕರ ರಕ್ತಪರೀಕ್ಷೆಯಲ್ಲಿ 495 ಮಂದಿಗೆ ಕಂದುರೋಗವಿರುವುದು ಪತ್ತೆಯಾಗಿತ್ತು. ಆ ರೋಗ ಎಷ್ಟು ವೇಷಗಳಲ್ಲಿ ಬರುತ್ತದೆಂಬುದೇ ಆ ಲೇಖನದ ವಿಷಯ. ಒಬ್ಬರಿಗೆ ಬರಿಯ ಜ್ವರ, ಮತ್ತೊಬ್ಬರಿಗೆ ಬೆನ್ನುನೋವು, ಇನ್ನೊಬ್ಬರಿಗೆ ಕೀಲುನೋವು, ವೃಷಣದ ಊತ, ಅಪರೂಪಕ್ಕೆ ಮೆದುಳು ಮತ್ತು ಹೃದಯಕ್ಕೂ ತಗಲುವ ಪೆಟ್ಟು. 2007ರಲ್ಲಿ ರೋಗಲಕ್ಷಣ ಹಾಗೂ ಪರೀಕ್ಷೆಗಳ ಸಮಗ್ರ ಸಮೀಕ್ಷೆ. 2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕೆಯಲ್ಲಿ ಭಾರತದಲ್ಲಿನ ಕಂದುರೋಗದ ಸಮೀಕ್ಷೆ. 2010ರಲ್ಲಿ ಎಲಿಸಾ ಪರೀಕ್ಷೆಯನ್ನು ಹಳೆಯ ಪರೀಕ್ಷೆಗಳೊಡನೆ ತೂಗಿ ನೋಡಿದ ಲೇಖನ. ಹೀಗೆ ಪಟ್ಟಿ ಮುಂದುವರಿಯುತ್ತದೆ.

495 ಮತ್ತು 93. ಇವು ಬರಿಯ ಅಂಕಿಗಳಲ್ಲ. ತಂಬೂರ ಸೀಮೆಯ ನಮ್ಮ ಪರಿಚಿತರ ಮನೆಯಂಥ ಒಂದೊಂದು ಮನೆ ಪ್ರತಿ ಅಂಕಿಯ ಹಿಂದೆಯೂ ಇದೆ. ಪ್ರತಿಯೊಬ್ಬನೂ ಹಲವು ಬಾಗಿಲು ತಟ್ಟಿ, ಹಲವು ಔಷಧ ನುಂಗಿ, ಸಾಲ ಮಾಡಿ, ಕೊನೆಗೆ ಈ ರೋಗವನ್ನು ಹುಡುಕಬೇಕೆಂದು ತಿಳಿದಿದ್ದ ಒಂದು ಪ್ರಯೋಗಾಲಯಕ್ಕೆ ಬಂದು ಮುಟ್ಟಿದವನು. ಹುಡುಕುವವರಿದ್ದುದರಿಂದ ಅಲ್ಲಿ ರೋಗ ಸಿಕ್ಕಿತು. ಹುಡುಕದ ಊರುಗಳಲ್ಲಿ ರೋಗವಿಲ್ಲವೆಂದು ತಿಳಿಯುವುದು ತಪ್ಪಾದೀತು.

ಮಾಲ್ಟಾ ದ್ವೀಪದ ಆಡುಗಳು

ಈ ರೋಗದ ಹಳೆಯ ಹೆಸರು ಮಾಲ್ಟಾ ಜ್ವರ. ನಮ್ಮ ವಾಚಕರಿಗೆ ಮಾಲ್ಟಾ ಅಪರಿಚಿತವಲ್ಲ. ರೋಮಿಗೆ ಬಂದಿಯಾಗಿ ಹೋಗುತ್ತಿದ್ದ ಸಂತ ಪೌಲರ ಹಡಗು ಒಡೆದು ಅವರು ದಡ ಸೇರಿದುದು ಅದೇ ದ್ವೀಪದಲ್ಲಿ. ಜ್ವರದಿಂದ ಮಲಗಿದ್ದ ಅಲ್ಲಿನ ಮುಖಂಡನ ತಂದೆಯ ಮೇಲೆ ಅವರು ಕೈಯಿಟ್ಟು ಪ್ರಾರ್ಥಿಸಿ ಗುಣಪಡಿಸಿದ ಪ್ರಸಂಗವನ್ನು ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ.

ಅದಕ್ಕೆ ಹದಿನೆಂಟು ಶತಮಾನಗಳ ತರುವಾಯ, ಅದೇ ದ್ವೀಪದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರು ಬಿಟ್ಟು ಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. ಸೇನಾ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಮೃತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದ. ಅವನ ಹೆಸರಿನಿಂದಲೇ ರೋಗಕ್ಕೆ ಇಂದಿನ ಹೆಸರು ಬಂದಿತು. ಆದರೆ ರೋಗಾಣು ಎಲ್ಲಿಂದ ಬರುತ್ತದೆಂಬುದು ಮುಂದಿನ ಹದಿನೆಂಟು ವರ್ಷಗಳವರೆಗೂ ಒಗಟಾಗಿಯೇ ಉಳಿಯಿತು. ನೀರು, ಗಾಳಿ, ಸೊಳ್ಳೆ, ಚರಂಡಿ ಎಲ್ಲವನ್ನೂ ಶಂಕಿಸಿದರು. 1905ರಲ್ಲಿ ಮಾಲ್ಟಾದವರೇ ಆದ ವೈದ್ಯ ತೆಮಿಸ್ತೊಕ್ಲೆಸ್ ಜಾಮಿತ್ ಅವರು ಆಡುಗಳ ರಕ್ತವನ್ನು ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ನೋಡಲು ದಷ್ಟಪುಷ್ಟವಾಗಿದ್ದ, ಯಾವ ಬೇನೆಯೂ ಕಾಣದ ಆಡುಗಳು ರೋಗಾಣುವನ್ನು ಹೊತ್ತು ತಿರುಗುತ್ತಿದ್ದವು. ಅವುಗಳ ಹಾಲಿನಲ್ಲಿಯೂ ಅದು ಹೊರಬೀಳುತ್ತಿತ್ತು. ಆಡುಗಳನ್ನು ಮನೆಯ ಬಾಗಿಲಿಗೇ ಹೊಡೆದುಕೊಂಡು ಬಂದು, ಗಿರಾಕಿಯ ಕಣ್ಣ ಮುಂದೆಯೇ ಕರೆದು ಕೊಡುವುದು ಅಲ್ಲಿನ ರೂಢಿ. ಕಲಬೆರಕೆಯಿಲ್ಲದ ಹಾಲೆಂದು ಜನ ಅದನ್ನು ಹಸಿಯಾಗಿಯೇ ಕುಡಿಯುತ್ತಿದ್ದರು.

1906ರಲ್ಲಿ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಲಾಯಿತು. ವರ್ಷಕ್ಕೆ ನೂರಾರು ಇದ್ದ ಸೈನಿಕರ ಜ್ವರ ಎರಡೇ ವರ್ಷಗಳಲ್ಲಿ ಬೆರಳೆಣಿಕೆಗೆ ಇಳಿಯಿತು. ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಬ್ಯಾರಕ್ಕಿನ ಹೊರಗಿದ್ದ ಸಾಮಾನ್ಯ ಜನರಲ್ಲಿ ಜ್ವರ ಮುಂದುವರಿದೇ ಇತ್ತು. ಆಡೇ ಬಡವರ ಆಸ್ತಿ, ಆಡಿನ ಹಾಲೇ ಮಕ್ಕಳ ಆಹಾರ, ಕಾಸಿದರೆ ಹಾಲಿನ ಸತ್ವ ಕೆಡುತ್ತದೆಂಬ ನಂಬಿಕೆ. ಅಲ್ಲಿ ಪಾಶ್ಚರೀಕರಿಸಿದ ಹಾಲು ಬರತೊಡಗಿದ್ದು 1938ರಲ್ಲಿ. ಎಂದರೆ ಕಾರಣ ತಿಳಿದ ಮೇಲೂ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ಪತ್ರಿಕೆಯಲ್ಲಿ ಅಚ್ಚಾದ ಅರಿವು ಅಡುಗೆಮನೆಯ ಒಲೆಯನ್ನು ಮುಟ್ಟಲು ಎಷ್ಟು ಕಾಲ ಬೇಕಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಂಬದವರ ನಡುವೆ ಒಬ್ಬ ಮಹಿಳೆ

ಮಾಲ್ಟಾದ ಆಡಿನ ರೋಗಕ್ಕೂ ಆಕಳು ಕಂದು ಹಾಕುವುದಕ್ಕೂ ಸಂಬಂಧವಿದೆಯೆಂದು ಆಗ ಯಾರೂ ಊಹಿಸಿರಲಿಲ್ಲ. ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ ಅವರು ಕಂದು ಹಾಕಿದ ಆಕಳುಗಳಲ್ಲಿ ಒಂದು ರೋಗಾಣುವನ್ನು ಕಂಡು 1897ರಲ್ಲಿ ಅದನ್ನು ಕುರಿತು ಬರೆದಿದ್ದರು. ಆ ಲೇಖನ ಪಶುವೈದ್ಯರ ಕಪಾಟಿನಲ್ಲಿತ್ತು, ಬ್ರೂಸ್‌ನ ಲೇಖನ ಮನುಷ್ಯರ ವೈದ್ಯರ ಕಪಾಟಿನಲ್ಲಿತ್ತು. ಎರಡೂ ಕಪಾಟುಗಳನ್ನು ತೆರೆದು ನೋಡಿದವರು ಆಲಿಸ್ ಇವಾನ್ಸ್ ಎಂಬ ಅಮೆರಿಕದ ಮಹಿಳೆ. ಅಲ್ಲಿನ ಕೃಷಿ ಇಲಾಖೆಯ ಹೈನು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಅವರು ಎರಡೂ ರೋಗಾಣುಗಳನ್ನು ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿ, ಇವು ಒಂದೇ ಕುಲದವೆಂದು 1918ರಲ್ಲಿ ಪ್ರಕಟಿಸಿದರು. ಆಕಳ ಹಸಿ ಹಾಲಿನಿಂದ ಮನುಷ್ಯರಿಗೆ ಜ್ವರ ಬರಬಹುದೆಂಬ ಎಚ್ಚರಿಕೆಯನ್ನೂ ಕೊಟ್ಟರು.

ವಿದ್ವಾಂಸರು ನಂಬಲಿಲ್ಲ. ಡಾಕ್ಟರೇಟ್ ಇಲ್ಲದ ಒಬ್ಬ ಹೆಂಗಸು, ಘಟಾನುಘಟಿಗಳಿಗೆ ಕಾಣದ್ದನ್ನು ಕಂಡಳೇ ಎಂಬ ತಾತ್ಸಾರ. ಹಾಲಿನ ವ್ಯಾಪಾರಿಗಳಿಗಂತೂ ಆ ಮಾತು ಬೇಡವಾಗಿತ್ತು. 1922ರಲ್ಲಿ ಪ್ರಯೋಗಾಲಯದಲ್ಲಿಯೇ ಇವಾನ್ಸ್ ಅವರಿಗೆ ಸೋಂಕು ತಗಲಿತು. ವರ್ಷಾನುಗಟ್ಟಲೆ ಜ್ವರ ಬಂದು ಹೋಗುತ್ತಿತ್ತು. ಇದು ಮನಸ್ಸಿನ ಕಾಯಿಲೆಯೆಂದು ವೈದ್ಯರು ತಳ್ಳಿಹಾಕಿದ್ದೂ ಉಂಟು. ಬೇರೆ ಬೇರೆ ದೇಶಗಳ ಸಂಶೋಧಕರು ಅವರ ಮಾತನ್ನೇ ಸಮರ್ಥಿಸತೊಡಗಿದ ಮೇಲೆ ಅಭಿಪ್ರಾಯ ಬದಲಾಯಿತು. 1928ರಲ್ಲಿ ಅಮೆರಿಕದ ಸೂಕ್ಷ್ಮಾಣು ವಿಜ್ಞಾನಿಗಳ ಸಂಘ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು.

ನಮ್ಮ ತಂಬೂರ ಸೀಮೆಯ ಆ ತಾಯಿ ಕೇಳಿದ ಪ್ರಶ್ನೆಗೆ 1918ರಲ್ಲಿಯೇ ಉತ್ತರ ಸಿಕ್ಕಿತ್ತು. ಆಕಳಿನದು ಆಕಳಿಗಷ್ಟೇ ಅಲ್ಲ. ಆ ಉತ್ತರ ಅವಳ ಮನೆಯನ್ನು ಮುಟ್ಟಲು ನೂರು ವರ್ಷಗಳೇ ಬೇಕಾದವು.

ಹೆಬ್ಬಾಳದ ಪಶುವೈದ್ಯರು

ಮನುಷ್ಯರ ವೈದ್ಯರೊಬ್ಬರ ಪಟ್ಟಿಯನ್ನು ನೋಡಿದೆವು. ಇದಕ್ಕೆ ಜೋಡಿಯಾದ ಇನ್ನೊಂದು ಪಟ್ಟಿ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಡಾ. ಶ್ರೀಕೃಷ್ಣ ಇಸಳೂರ ಮತ್ತು ಅವರ ಸಹೋದ್ಯೋಗಿ ಪಶುವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಸಮೀಕ್ಷೆಗಾಗಿ ದೇಶದ 23 ರಾಜ್ಯಗಳಿಂದ 23,284 ಆಕಳು ಮತ್ತು 7,153 ಎಮ್ಮೆಗಳ ರಕ್ತವನ್ನು ಪರೀಕ್ಷಿಸಲಾಗಿತ್ತು. ಆಕಳುಗಳಲ್ಲಿ ನೂರಕ್ಕೆ 1.9, ಎಮ್ಮೆಗಳಲ್ಲಿ ನೂರಕ್ಕೆ 1.8 ಸೋಂಕಿನ ಗುರುತು ತೋರಿಸಿದವು. ಬಿಜಾಪುರದ ದವಾಖಾನೆಗೆ ಬಂದ ಮನುಷ್ಯರಲ್ಲಿ ಕಂಡ ಪ್ರಮಾಣವೂ ಹೆಚ್ಚು ಕಡಿಮೆ ಇಷ್ಟೇ ಇದ್ದುದನ್ನು ವಾಚಕರು ಗಮನಿಸಿರಬಹುದು. ಒಂದು ಊರೂರಿನ ದನಗಳ ಲೆಕ್ಕ, ಇನ್ನೊಂದು ದವಾಖಾನೆಗೆ ಬಂದವರ ಲೆಕ್ಕ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಕೊಟ್ಟಿಗೆಯಲ್ಲಿಯೂ ಹಾಸಿಗೆಯಲ್ಲಿಯೂ ಒಂದೇ ರೋಗಾಣು ಮನೆ ಮಾಡಿದೆಯೆಂಬುದನ್ನು ಎರಡೂ ಹೇಳುತ್ತವೆ.

ಇದೇ ಬಳಗದ ಇನ್ನೊಂದು ಲೇಖನ 2007ರಲ್ಲಿ ಬಂದಿತು. ಬರೆದವರು ಪಶುವಿಜ್ಞಾನಿಗಳು, ಪ್ರಕಟವಾದದ್ದು ಮನುಷ್ಯರ ವೈದ್ಯರು ಓದುವ ಸೂಕ್ಷ್ಮಾಣು ವಿಜ್ಞಾನದ ನಿಯತಕಾಲಿಕೆಯಲ್ಲಿ. ದನಕರುಗಳ ಒಡನಾಟವಿರುವ 600ಕ್ಕೂ ಹೆಚ್ಚು ಜನರ ರಕ್ತವನ್ನು ಪರೀಕ್ಷಿಸಿದಾಗ ಸೋಂಕಿನ ಗುರುತು ಕಂಡವರಲ್ಲಿ ಹೆಚ್ಚಿನವರು ಪಶುವೈದ್ಯ ಪರಿವೀಕ್ಷಕರು ಮತ್ತು ಪಶುವೈದ್ಯ ಸಹಾಯಕರಾಗಿದ್ದರು. ನಡುರಾತ್ರಿ ನಮ್ಮ ಹಟ್ಟಿಗೆ ಬಂದು, ಕರು ಅಡ್ಡವಾದ ಆಕಳಿನ ಹೊಟ್ಟೆಯೊಳಗೆ ಬರಿಗೈ ಹಾಕಿ, ಮಾಸು ತೆಗೆದು, ಒಂದು ಲೋಟ ಚಹ ಕುಡಿದು ಹೋಗುವ ಆ ಮನುಷ್ಯ ತನ್ನ ದೇಹವನ್ನೇ ಪಣಕ್ಕಿಟ್ಟಿರುತ್ತಾನೆಂಬುದು ಆ ಲೇಖನದಿಂದ ನಮಗೆ ತಿಳಿಯಬೇಕಾದ ಸತ್ಯ.

ಎರಡು ದವಾಖಾನೆಗಳ ನಡುವಿನ ಗೋಡೆ

ನಮ್ಮ ತಾಲೂಕು ಸ್ಥಳಗಳಲ್ಲಿ ಮನುಷ್ಯರ ದವಾಖಾನೆಯೂ ಇದೆ, ದನದ ದವಾಖಾನೆಯೂ ಇದೆ. ಒಂದರ ಚೀಟಿಯಲ್ಲಿ ಬರೆದದ್ದು ಇನ್ನೊಂದರವರಿಗೆ ತಿಳಿಯುವುದು ಅಪರೂಪ. ಪಶುವೈದ್ಯರು ಆಕಳು ಕಂದು ಹಾಕಿದ್ದನ್ನು ನೋಡುತ್ತಾರೆ; ಮನೆಯಲ್ಲಿ ಜ್ವರವಿದೆಯೇ ಎಂದು ಕೇಳುವ ರೂಢಿಯಿಲ್ಲ. ಮನುಷ್ಯರ ವೈದ್ಯರು ಜ್ವರ ನೋಡುತ್ತಾರೆ. ಮನೆಯಲ್ಲಿ ದನವಿದೆಯೇ ಎಂದು ಕೇಳಲು ಸಾಲಿನಲ್ಲಿ ನಿಂತ ನೂರು ರೋಗಿಗಳು ಬಿಡುವುದಿಲ್ಲ. ಈ ಗೋಡೆಯನ್ನು ದಾಟಬಲ್ಲ ವ್ಯಕ್ತಿ ಎರಡೂ ಕಡೆ ಹೋಗಿ ಬರುವ ಒಬ್ಬನೇ. ಅವನು ರೈತ; ಅವನಿಗಿಂತ ಹೆಚ್ಚಾಗಿ, ಹಾಲು ಕರೆಯುವ, ಸಗಣಿ ಬಳಿಯುವ, ಕರುವಿನ ಮೈ ಒರೆಸುವ ಮನೆಯ ಹೆಣ್ಣುಮಕ್ಕಳು.

ಆದುದರಿಂದ ಬಿಟ್ಟು ಬಿಟ್ಟು ಬರುವ ಜ್ವರ ಎರಡು ವಾರ ಮೀರಿದರೆ, ರಾತ್ರಿ ಬೆವರಿದರೆ, ಕೀಲು ಟೊಂಕ ನೋಯುತ್ತಿದ್ದರೆ, ವೈದ್ಯರು ಕೇಳಲಿ ಬಿಡಲಿ, "ನಮ್ಮ ಮನ್ಯಾಗ ದನಾ ಅದಾವ್ರಿ" ಎಂಬ ಒಂದು ಮಾತನ್ನು ನಾವೇ ಹೇಳಬೇಕು. ಕಂದು ಹಾಕಿದ್ದರೆ ಅದನ್ನೂ, ಹಸಿ ಹಾಲು ಕುಡಿದಿದ್ದರೆ ಅದನ್ನೂ ಹೇಳಬೇಕು. ಟೈಫಾಯ್ಡಿಗೆ ಮಾಡುವ ವಿಡಾಲ್ ಪರೀಕ್ಷೆಯಿಂದ ಈ ರೋಗ ಪತ್ತೆಯಾಗದು. ಇದಕ್ಕೆ ಬೇರೆಯೇ ರಕ್ತಪರೀಕ್ಷೆ ಬೇಕು. ಆ ಒಂದು ಮಾತೇ ವೈದ್ಯರನ್ನು ಆ ಪರೀಕ್ಷೆಯ ಕಡೆಗೆ ತಿರುಗಿಸಬಲ್ಲುದು.

ರೋಗಕ್ಕೆ ಔಷಧವಿದೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಸೂಚಿಸಿದ ಕ್ರಮದಂತೆ ವಯಸ್ಕರಿಗೆ ಡಾಕ್ಸಿಸೈಕ್ಲಿನ್ ಜೊತೆಗೆ ಇನ್ನೊಂದು ಔಷಧವನ್ನು ಸೇರಿಸಿ ಆರು ವಾರ ಕೊಡುತ್ತಾರೆ. ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರು ಬೇರೆ ಔಷಧವನ್ನು ಆರಿಸುತ್ತಾರೆ. ಹತ್ತು ದಿನದಲ್ಲಿ ಜ್ವರ ಇಳಿಯಿತೆಂದು ಗುಳಿಗೆ ನಿಲ್ಲಿಸಿದವರಿಗೆ ರೋಗ ಮರುಕಳಿಸುತ್ತದೆ. ಜೀವಕಣಗಳ ಒಳಗೇ ಅವಿತುಕೊಳ್ಳುವ ಗುಣ ಈ ರೋಗಾಣುವಿಗಿರುವುದರಿಂದಲೇ ಇಷ್ಟು ದೀರ್ಘ ಚಿಕಿತ್ಸೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದು ತೀರ ವಿರಳವಾದುದರಿಂದ ರೋಗಿಯ ತಟ್ಟೆ, ಹಾಸಿಗೆಗಳನ್ನು ಬೇರೆ ಇಡುವ ಅಗತ್ಯವಿಲ್ಲ.

ಮನೆಯಲ್ಲಿ ಮಾಡಬೇಕಾದುದು

ಮೊದಲನೆಯದು ಹಾಲು ಕಾಸುವುದು. ಚೆನ್ನಾಗಿ ಉಕ್ಕಿದ ಹಾಲಿನಲ್ಲಿ ಈ ರೋಗಾಣು ಉಳಿಯದು. ಕಾಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ, ಬೆಣ್ಣೆಗಳಿಂದ ಭಯವಿಲ್ಲ. ಗರಡಿಯ ಹುಡುಗರಿಗೆ ಬಲ ಬರಲೆಂದು, ಎಳೆಯ ಮಕ್ಕಳಿಗೆ ಮೈ ತುಂಬಲೆಂದು ಕೆಚ್ಚಲಿನಿಂದ ಆಗತಾನೆ ಕರೆದ ನೊರೆಹಾಲನ್ನು ಕುಡಿಸುವ ರೂಢಿಯನ್ನು ಬಿಡಬೇಕು. ಕುರಿ ಕಾಯುವವರು ಹೊಲದಲ್ಲಿಯೇ ಆಡಿನ ಹಾಲು ಕುಡಿಯುವುದೂ ಅಷ್ಟೇ ಅಪಾಯಕಾರಿ.

ಎರಡನೆಯದು ಕೈ. ಕಂದು ಹಾಕಿದ ಕರು, ಮಾಸು, ಈಯುವಾಗ ಬೀಳುವ ನೀರು ಇವುಗಳಲ್ಲಿ ರೋಗಾಣು ಅತಿ ಹೆಚ್ಚಾಗಿರುತ್ತದೆ. ಕೈಯಲ್ಲಿ ಒಂದು ಸಣ್ಣ ತರಚು ಇದ್ದರೂ ಅದಕ್ಕೆ ದಾರಿ ಸಾಕು. ಗ್ಲೌಸ್ ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. ಬಳಿಕ ಸಾಬೂನಿನಿಂದ ತೊಳೆಯಬೇಕು. ಬಿದ್ದ ಕಂದನ್ನೂ ಮಾಸನ್ನೂ ತಿಪ್ಪೆಗೆ ಎಸೆಯದೆ, ನಾಯಿಗಳ ಬಾಯಿಗೆ ಹಾಕದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಬಸುರಿ ಹೆಣ್ಣುಮಕ್ಕಳೂ ಮಕ್ಕಳೂ ಆ ಕೆಲಸಕ್ಕೆ ಹೋಗಬಾರದು.

ಮೂರನೆಯದು ಲಸಿಕೆ. 2019ರ ಸಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಕಾಲುಬಾಯಿ ಬೇನೆಯ ಲಸಿಕೆಯೊಡನೆ ಕಂದುರೋಗದ ಲಸಿಕೆಯನ್ನೂ ರೈತರಿಗೆ ಉಚಿತವಾಗಿ ಕೊಡುತ್ತ ಬರಲಾಗಿದೆ. ನಾಲ್ಕರಿಂದ ಎಂಟು ತಿಂಗಳೊಳಗಿನ ಆಕಳು ಮತ್ತು ಎಮ್ಮೆಯ ಹೆಣ್ಣುಕರುಗಳಿಗೆ ಮಾತ್ರ, ಬಾಳಿನಲ್ಲಿ ಒಂದೇ ಸಲ ಇದನ್ನು ಹಾಕುವುದು. ಗಂಡುಕರುಗಳಿಗೂ ಗಬ್ಬವಾದ ದನಗಳಿಗೂ ಹಾಕುವುದಿಲ್ಲ. ಎಂಟು ತಿಂಗಳು ದಾಟಿದರೆ ಆ ಕರುವಿನ ಸರದಿ ಹೋಯಿತೆಂದೇ ತಿಳಿಯಬೇಕು. ಲಸಿಕೆಯಾದ ಕರುವಿನ ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಬೀಳುತ್ತದೆ. ಕರುವಿಗೆ ನೋವಾಗುತ್ತದೆಂದು, ಹಾಲು ಇಂಗುತ್ತದೆಂದು ಲಸಿಕೆಯ ದಿನ ಕರುವನ್ನು ಅಡವಿಗೆ ಅಟ್ಟಿಬಿಡುವ ಮನೆಗಳು ನಮ್ಮಲ್ಲಿವೆ. ಇನ್ನೂ ಹಾಲನ್ನೇ ಕೊಡದ ಎಳೆಗರುವಿನ ಹಾಲು ಇಂಗುವುದಾದರೂ ಹೇಗೆ?

ಸಂತೆಯಲ್ಲಿ ಬಾಯಿ ಮುಚ್ಚಿಕೊಂಡಾಗ

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಹೇಳುವುದು ಕಷ್ಟವೂ ಹೌದು. ಕಂದು ಹಾಕಿದ ಆಕಳನ್ನು ಏನು ಮಾಡುತ್ತೇವೆ? ಮುಂದಿನ ಸಂತೆಗೆ ಹೊಡೆಯುತ್ತೇವೆ. ಕೊಳ್ಳುವವನು ಕೇಳಿದರೆ ಗಬ್ಬ ನಿಲ್ಲಲಿಲ್ಲವೆಂದೋ ಮೇವಿಗೆ ತೊಂದರೆಯೆಂದೋ ಹೇಳುತ್ತೇವೆ. ಆ ಆಕಳು ಇನ್ನೊಬ್ಬನ ಗೋದಲಿಗೆ ಹೋಗಿ ನಿಲ್ಲುತ್ತದೆ. ಅದರ ಹಾಲು ಇನ್ನೊಬ್ಬರ ಮಕ್ಕಳಿಗೆ ಹೋಗುತ್ತದೆ. ಮುಂದಿನ ವರ್ಷ ಆ ಮನೆಯ ಯಾರೋ ಒಬ್ಬರು ಹೆಸರಿಲ್ಲದ ಜ್ವರದಿಂದ ಮಲಗುತ್ತಾರೆ.

ಬಡವನಿಗೆ ಆ ಆಕಳೇ ಬಂಡವಾಳವೆಂಬುದನ್ನು ನಾವು ಬಲ್ಲೆವು. ಸಾಲ ಮಾಡಿ ತಂದ ಆಕಳನ್ನು ಕಟ್ಟಿಕೊಂಡು ಮೇವು ಹಾಕುತ್ತ ಕೂಡು ಎಂದು ಅವನಿಗೆ ಹೇಳುವುದು ಸುಲಭ, ಅವನಿಗೆ ಅದು ಸುಲಭವಲ್ಲ. ಆದರೂ ಮೊದಲ ಕೆಲಸವಾಗಿ ಪಶುವೈದ್ಯರಿಗೆ ತಿಳಿಸಿ ಆಕಳ ರಕ್ತವನ್ನು ಪರೀಕ್ಷಿಸಬಹುದು. ಎಲ್ಲ ಕಂದು ಈ ರೋಗದಿಂದಲೇ ಆಗುವುದಿಲ್ಲ. ಪರೀಕ್ಷೆಯಿಂದ ನಿರಾತಂಕವೂ ಸಿಗಬಹುದು. 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಘಟಕದ ನೆರವೂ ಇದೆ. ರೋಗವಿದೆಯೆಂದು ತಿಳಿದರೆ ಆ ಆಕಳನ್ನು ಇತರ ದನಗಳಿಂದ ಬೇರೆ ಕಟ್ಟುವುದು, ಈಯುವಾಗ ಎಚ್ಚರವಹಿಸುವುದು, ಹಾಲನ್ನು ತಪ್ಪದೆ ಕಾಸುವುದು ಇವು ನಮ್ಮ ಕೈಯಲ್ಲಿವೆ. ಮುಚ್ಚಿಟ್ಟು ಮಾರುವುದು ಮಾತ್ರ ವ್ಯಾಪಾರದ ಜಾಣ್ಮೆಯಲ್ಲ. ನೆರೆಯವನನ್ನು ನಮ್ಮಂತೆಯೇ ಪ್ರೀತಿಸಬೇಕೆಂದು ಭಾನುವಾರ ಕೇಳಿ ಬಂದ ನಾವು ಮಂಗಳವಾರದ ಸಂತೆಯಲ್ಲಿ ಅದನ್ನು ಮರೆತರೆ, ಕೇಳಿದ್ದಕ್ಕೆ ಬೆಲೆಯೇನು?

ಜ್ಞಾನ ಮನೆ ಮುಟ್ಟಲಿ

ಡಾ. ಮಂಟೂರ ಅವರ ಲೇಖನಗಳೆಲ್ಲ ಇಂಗ್ಲಿಷಿನಲ್ಲಿವೆ. ವಿಜ್ಞಾನದ ಜಗತ್ತು ಓದುವ ಭಾಷೆ ಅದಾದುದರಿಂದ ಅದು ಸಹಜವೇ. ದೂರದ ದೇಶಗಳ ವೈದ್ಯರು ಬಿಜಾಪುರದ ಕುರಿಗಾಹಿಗಳ ಜ್ವರದಿಂದ ಪಾಠ ಕಲಿಯುತ್ತಿರುವುದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಜ್ವರ ಬಂದವರ ಮನೆಗೆ ಆ ಪಾಠ ಮರಳಬೇಕಾದರೆ ನಡುವೆ ಯಾರಾದರೂ ನಡೆದು ಬರಬೇಕು. ಆ ಕೆಲಸವನ್ನು ಧರ್ಮಕೇಂದ್ರಗಳ ಮಹಿಳಾ ಸಂಘಗಳು, ಹಳ್ಳಿಯ ದವಾಖಾನೆಗಳಲ್ಲಿ ದುಡಿಯುವ ಧರ್ಮಭಗಿನಿಯರು, ಆಶಾ ಕಾರ್ಯಕರ್ತೆಯರು, ಹಾಲಿನ ಡೇರಿಯ ಕಾರ್ಯದರ್ಶಿಗಳು ಮಾಡಬಲ್ಲರು. ಜನರಿಗಾಗಿ ಆರೋಗ್ಯ ಶಿಬಿರ ನಡೆಸುವ ದಿನವೇ ಪಶುವೈದ್ಯರನ್ನೂ ಕರೆದರೆ, ಎರಡು ದವಾಖಾನೆಗಳ ನಡುವಿನ ಗೋಡೆ ಒಂದು ದಿನದ ಮಟ್ಟಿಗಾದರೂ ಬಿದ್ದೀತು.

ನಾವು ಆರಂಭದಲ್ಲಿ ಹೇಳಿದ ಯಜಮಾನ ಆರು ವಾರಗಳ ಗುಳಿಗೆಯನ್ನು ಒಂದೂ ತಪ್ಪಿಸದೆ ನುಂಗಿ ಎದ್ದು ಓಡಾಡತೊಡಗಿದ. ಮುಂದೊಮ್ಮೆ ಆ ಮನೆಗೆ ಹೋದಾಗ ಹಿತ್ತಲಲ್ಲಿ ಒಂದು ಹೆಣ್ಣುಕರು ನಿಂತಿತ್ತು, ಕಿವಿಯಲ್ಲಿ ಹಳದಿ ಬಿಲ್ಲೆ. ನಾವು ಕೇಳುವ ಮೊದಲೇ ಮನೆಯಾಕೆ, "ಐದ ತಿಂಗಳಿದ್ದಾಗ ಹಾಕಸೇವ್ರೀ" ಎಂದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಪ್ರತಿ ಡಿಸೆಂಬರಿನಲ್ಲಿ ನಮ್ಮ ಮನೆಗಳಲ್ಲಿ ಗೋದಲಿ ಕಟ್ಟುತ್ತೇವೆ. ಹುಲ್ಲಿನ ಮೇಲೆ ಬಾಲಯೇಸು, ಅಕ್ಕಪಕ್ಕದಲ್ಲಿ ಆಕಳು, ಕುರಿ, ಕುರುಬರು. ಅದು ಮಣ್ಣಿನ ಬೊಂಬೆಗಳ ಗೋದಲಿ. ನಿಜವಾದ ಗೋದಲಿ ವರ್ಷವಿಡೀ ನಮ್ಮ ಪಡಸಾಲೆಯ ಪಕ್ಕದಲ್ಲಿಯೇ ಇದೆ. ಅದರ ಬದಿಯಲ್ಲಿ ನಮ್ಮ ಮಕ್ಕಳು ಮಲಗುತ್ತಾರೆ. ಅಲ್ಲಿ ನಿಂತ ಮೂಕಪ್ರಾಣಿಯ ಬೇನೆಯನ್ನು ಸಕಾಲದಲ್ಲಿ ಗಮನಿಸಿ ಬಾಯಿಬಿಟ್ಟು ಹೇಳಿದರೆ ಆ ಮಕ್ಕಳನ್ನೂ ಕಾಪಾಡಿದಂತಾಗುತ್ತದೆ.